ಎದುರಾಳಿಗೆ ಮೊದಲ ಎಲೆ

ದೊಡ್ಡಗಾಜನೂರು
18-1-1978

ಭಾಮೈದ ರುದ್ರಸ್ವಾಮಿಗೆ,

ಈ ಕಾಗದ ಬರೆಯಲು ನನಗೆ ಚೂರೂ ಇಷ್ಟವಿಲ್ಲ. ಮೂರನೇ ಕ್ಲಾಸಿನಲ್ಲಿ ಮೇಷ್ಟರ ಮುಂದೆ ಸ್ಲೇಟು ಎಸೆದು ಎದ್ದು ಬಂದವನನ್ನು ಹಿಡಿದು, ಪೆನ್ನು ಕೊಟ್ಟು ಕೂರಿಸಿದ್ದಾಳೆ ನಿಮ್ಮಕ್ಕ ಶಿವನಂಜಮ್ಮ. ಹಬ್ಬ ಆದಾಗಿನಿಂದ ಮನೆಯೊಳಗೆ ನಿನ್ನನ್ನು ಬಯ್ಯುತ್ತಲೇ ಇದ್ದೆ. "ಇಲ್ಲಿ ಕುಂತ್ಕ ಬಯ್ದ್ರ ಕೊಯಮತ್ತೂರ್ಗ ಕೇಳ್ತದಾ? ಬಯ್ಯದ ಕಾಗ್ದದಲ್ಲಿ ಬಯ್ಯಿ, ನನ್ ಕಿವಿಗಾರ ಬುಡುವಾಯ್ತದ" ಅಂದಳು. ಒಂದೊಂದು ಅಕ್ಷರಕ್ಕೂ ಬೆರಳು ನೋಯುತ್ತದೆ. ಆ ಸಿಟ್ಟನ್ನೂ ಸೇರಿಸಿಕೊಂಡು ಓದಿಕೋ.

ಸಂಕ್ರಾಂತಿ ಮಾರನೆ ದಿನ ಜೀರಹಳ್ಳಿಯಲ್ಲಿ ನಮ್ಮ ಬಸವ ಸಂಘ ಐದು ಗೋಲಿನಿಂದ ಸೋತಿತು. ನಾವು ಹೊಡೆದದ್ದು ಒಂದೂ ಇಲ್ಲ. ಸೋಲೇನು ಹೊಸದಲ್ಲ. ಚೆಂಡು ಒದೆಯಲು ಬರುತ್ತದೆ ಅಂತ ಮಿಲ್ಲಿನವರು ಕರೆದು ಕೆಲಸ ಕೊಟ್ಟರು ಅಂತ ನೀನು ಬೆಟ್ಟ ಇಳಿದು ಹೋದೆಯಲ್ಲ, ಆ ವರ್ಷದಿಂದ ಸೋಲುತ್ತಲೇ ಇದ್ದೇವೆ. ಸಂಘ ಕಟ್ಟಿದವನು ನೀನು, ಕ್ಯಾಪ್ಟನ್ ಆಗಿದ್ದವನು ನೀನು, ಅಧ್ಯಕ್ಷ ಈಗಲೂ ನೀನೇ. ಬದಲಾಯಿಸಬೇಕು ಅಂತ ಯಾರಿಗೂ ತೋಚಲಿಲ್ಲ. ನನಗೂ ತೋಚಲಿಲ್ಲ, ಅದು ನನ್ನ ಕರ್ಮ.

ಈ ಸಲ ಮೈದಾನಕ್ಕೆ ಇಳಿದವರು ಹತ್ತೇ ಜನ. ಹನ್ನೊಂದನೆಯವನು ಹೊಲಕ್ಕೆ ಆನೆ ಬಿದ್ದಿದೆ ಅಂತ ಬರಲಿಲ್ಲ. ಆನೆ ದಿನಾ ಬೀಳುತ್ತದೆ, ಪಂದ್ಯ ದಿನಾ ಇರುತ್ತದೆಯೇ? ಪಂದ್ಯಾವಳಿ ಕಮಿಟಿಯವರು ನನ್ನನ್ನು ಕರೆದು ಹೇಳಿದರು: ಇನ್ನೊಂದು ಸಲ ಹನ್ನೊಂದು ಜನ ಇಲ್ಲದೆ ಬಂದರೆ ಗಾಜನೂರಿನ ಹೆಸರು ತೆಗೆದು ಬಿಸಾಡುತ್ತೇವೆ. ನನಗೆ ಯಾಕೆ ಹೇಳಬೇಕು? ನಾನು ಆಡುವವನಲ್ಲ, ಗೋಲಿನ ಹಿಂದೆ ಕೂತು ಕೂಗುವವನು. ಆದರೆ ಹೇಳಿಸಿಕೊಳ್ಳಲು ಅಲ್ಲಿ ಬೇರೆ ಯಾರೂ ಇರಲಿಲ್ಲ.

ನೀನಿದ್ದಾಗ ಕೂಗುವವರು ನಾಲ್ಕು ಗಾಡಿ ಕಟ್ಟಿಕೊಂಡು ಹೋಗುತ್ತಿದ್ದೆವು. ಈಗ ಒಂದೇ ಗಾಡಿ, ಅದರಲ್ಲೂ ಕಾಲು ಚಾಚಿ ಮಲಗುವಷ್ಟು ಜಾಗ. ನಾನು, ಕಾಳಯ್ಯ, ನಿಮ್ಮಕ್ಕ, ಇನ್ನು ಮೂರು ಮತ್ತೊಂದು ಜನ. ಮೂರನೇ ಗೋಲು ಬಿದ್ದಾಗ ಜೀರಹಳ್ಳಿಯ ಒಬ್ಬ ಬಂದು, "ಗಾಜನೂರಣ್ಣ, ಗೋಲ್ ಇಂದ್ಗಡ ಕುಂತಿದ್ದರಿ, ಚೆಂಡ ಎತ್ಕೊಡಕ್ಕಾ?" ಅಂದ. ಕಾಳಯ್ಯ ಎದ್ದು ಟವಲು ಕೊಡವಿದ. ನಾನೇ ಹಿಡಿದು ಕೂರಿಸಿದೆ. ಹೊಡೆಯಬೇಕು ಅಂತ ನನಗೂ ಇತ್ತು.

ಫೆಬ್ರವರಿ ಹತ್ತೊಂಬತ್ತಕ್ಕೆ ಹಾಸನೂರಿನವರು ನಮ್ಮ ಬಯಲಿಗೆ ಬರುತ್ತಾರೆ. ಅವತ್ತು ನೀನು ಬಂದು ಆಡಬೇಕು. ಮಿಲ್ಲಿನ ಕತೆ ನನಗೆ ಬೇಡ.

ಶಿವಮಲ್ಲಪ್ಪ

*

ಕೊಯಮತ್ತೂರು
2-2-1978

ಪೂಜ್ಯ ಭಾವನವರಿಗೆ ರುದ್ರಸ್ವಾಮಿಯ ಶರಣು.

ನಿಮ್ಮ ಕಾಗದ ತಲುಪಿತು. ಓದಿ ನಗು ಬಂತು, ಆಮೇಲೆ ಬೇಜಾರೂ ಆಯಿತು. ಹತ್ತೊಂಬತ್ತನೇ ತಾರೀಕು ಮಿಲ್ ತಂಡಕ್ಕೆ ಈರೋಡಿನಲ್ಲಿ ಪಂದ್ಯ ಇದೆ. ಈ ವರ್ಷ ನನ್ನನ್ನು ಮುಂದಿನ ಸಾಲಿನಲ್ಲಿ ಆಡಿಸುತ್ತಿದ್ದಾರೆ. ರಜೆ ಕೇಳಿದರೆ ತಂಡದಿಂದಲೂ ಹೋಗುತ್ತೇನೆ, ಕೆಲಸದಿಂದಲೂ ಹೋಗುತ್ತೇನೆ.

ಹೊಸ ಚೆಂಡು ಒಂದನ್ನು ಬಸ್ಸಿನ ಕಂಡಕ್ಟರ್ ಕೈಗೆ ಕೊಟ್ಟು ಕಳಿಸಿದ್ದೇನೆ. ಹುಡುಗರಿಗೆ ಕೊಡಿ. ಚೆಂಡು ಚೆನ್ನಾಗಿದ್ದರೆ ಆಟವೂ ಸ್ವಲ್ಪ ಚೆನ್ನಾಗುತ್ತದೆ.

ಅಕ್ಕನಿಗೆ ನನ್ನ ನೆನಪು ಹೇಳಿ.

ನಿಮ್ಮ
ರುದ್ರಸ್ವಾಮಿ

*

ದೊಡ್ಡಗಾಜನೂರು
27-2-1978

ರುದ್ರಸ್ವಾಮಿಗೆ,

ನಾನು ನಿನ್ನನ್ನು ಕೇಳಿದೆ, ನೀನು ಚೆಂಡು ಕಳಿಸಿದೆ. ಮದುವೆಗೆ ಗಂಡು ಬರದೆ ಪೇಟ ಕಳಿಸಿದ ಹಾಗಾಯಿತು. ಚೆಂಡು ಚೆನ್ನಾಗಿದೆ. ಹಾಸನೂರಿನವರಿಗೂ ಬಹಳ ಹಿಡಿಸಿತು, ಮೂರು ಸಲ ನಮ್ಮ ಗೋಲಿನೊಳಗೆ ಹಾಕಿದರು. ನಾವು ಒಂದು ಹಾಕಿದೆವು. ಅದನ್ನು ಹಾಕಿದವನು ಟೈಲರ್ ಗುರುಸ್ವಾಮಿ. ಅವನಿಗೆ ನಲವತ್ತು ದಾಟಿದೆ, ಹನ್ನೊಂದನೆಯವನು ಸಿಗದೆ ಹೊಲಿಗೆ ಮಿಷಿನ್ನಿಂದ ಎಬ್ಬಿಸಿಕೊಂಡು ಬಂದೆವು. ಗೋಲು ಹೊಡೆದ ಮೇಲೆ ಅಲ್ಲೇ ಕೂತ, ಆಮೇಲೆ ಏಳಲಿಲ್ಲ. ಆದರೂ ಲೆಕ್ಕಕ್ಕೆ ಹನ್ನೊಂದು ಜನ ಇದ್ದರು. ಹೆಸರು ಉಳಿಯಿತು.

ಬಂದವರಿಗೆ ಊಟ ಎಂದಿನಂತೆ ನಡೆಯಿತು. ಮಿಲ್ಲಿನ ಕ್ಯಾಂಟೀನಿನಲ್ಲಿ ಉಂಡು ಮರೆತಿದ್ದರೆ ಜ್ಞಾಪಿಸುತ್ತೇನೆ: ನಮ್ಮ ಬಯಲಿಗೆ ಆಡಲು ಬಂದ ಎದುರು ತಂಡಕ್ಕೆ ಆಟಕ್ಕೆ ಮುಂಚೆ ಊಟ, ಒಂದು ಮನೆಗೆ ಒಬ್ಬ ಆಟಗಾರ. ನಮ್ಮ ಹುಡುಗರೂ, ಕೂಗುವ ನಾವೂ ಆಟ ಮುಗಿಯುವ ತನಕ ಬಾಯಿಗೆ ಏನೂ ಹಾಕುವುದಿಲ್ಲ. ಮನೆ ಬಾಗಿಲಿಗೆ ಬಂದವನಿಗೆ ಉಣ್ಣಿಸದೆ ನಮ್ಮಪ್ಪ ಜಗಳ ಕೂಡ ಆಡಿದವನಲ್ಲ. ಗೆಲ್ಲುತ್ತಿದ್ದ ಕಾಲದಲ್ಲಿ ಇದೇ ಹಾಸನೂರಿನವರು, "ಗಾಜನೂರವ್ರು ಕಾಲಲ್ಲಿ ಗೆಲ್ಲಲ್ಲ ಕಣ್ಲಾ, ಒಬ್ಬಟ್ಟಾಕಿ ಗೆಲ್ತಾರ" ಅಂತ ಅಳುತ್ತಿದ್ದರು. ಈಗ ಅದೇ ಒಬ್ಬಟ್ಟು ತಿಂದು ಜಿಂಕೆ ಓಡಿದ ಹಾಗೆ ಓಡುತ್ತಾರೆ.

ಹನ್ನೊಂದು ಮನೆಯಲ್ಲಿ ಹನ್ನೊಂದು ಎಲೆ ಬಿತ್ತು. ಊರು ಇನ್ನೂ ಊರಾಗಿಯೇ ಇದೆ. ಇಲ್ಲದವನು ನೀನೊಬ್ಬ.

ಶಿವಮಲ್ಲಪ್ಪ

*

ಕೊಯಮತ್ತೂರು
10-11-1979

ಪೂಜ್ಯ ಭಾವನವರಿಗೆ ಶರಣು.

ಬಹಳ ದಿನ ಬರೆಯಲಾಗಲಿಲ್ಲ, ಮನ್ನಿಸಬೇಕು. ಮಿಲ್ಲಿನಲ್ಲಿ ನನ್ನನ್ನು ಪ್ಯಾಕಿಂಗ್ ವಿಭಾಗಕ್ಕೆ ಹಾಕಿದ್ದಾರೆ. ಕುಳಿತು ಮಾಡುವ ಕೆಲಸ. ತೊಂದರೆಯೇನಿಲ್ಲ.

ಹೋದ ವಾರ ಕಾಳಯ್ಯ ಎಲೆಕೋಸಿನ ಲಾರಿಯಲ್ಲಿ ಇಲ್ಲಿಯ ಮಾರ್ಕೆಟ್ಟಿಗೆ ಬಂದಿದ್ದ. ಬಸ್ ಸ್ಟ್ಯಾಂಡಿನ ಹತ್ತಿರ ಸಿಕ್ಕಿದ. ಅಕ್ಕನ ಕೈ ಸುಟ್ಟಿದೆ ಎಂದು ಅವನು ಹೇಳಿದ ಮೇಲೆಯೇ ನನಗೆ ಗೊತ್ತಾದದ್ದು. ಹನ್ನೊಂದು ಮನೆಯಲ್ಲಿ ಎಲೆ ಬೀಳುತ್ತದೆ ಎಂದು ನೀವು ಬರೆದಿದ್ದಿರಿ. ಎರಡು ವರ್ಷದಿಂದ ಎಲ್ಲ ಎಲೆಯೂ ನಿಮ್ಮ ಜಗುಲಿಯ ಮೇಲೆಯೇ ಬೀಳುತ್ತಿದೆಯಂತೆ. ಸೋಲುವ ತಂಡಕ್ಕೆ ನಾವು ಯಾಕೆ ಒಲೆ ಉರಿಸಬೇಕು ಎಂದು ಉಳಿದ ಮನೆಯವರು ಬಿಟ್ಟರಂತೆ. ಅಕ್ಕ ಒಬ್ಬಳೇ ಅಷ್ಟೂ ಜನಕ್ಕೆ ಒಬ್ಬಟ್ಟು ತಟ್ಟುತ್ತಾಳಂತೆ.

ಭಾವ, ಸಿಟ್ಟು ಮಾಡಿಕೊಳ್ಳದೆ ಕೇಳಿ. ಊಟ ಹಾಕುವುದನ್ನು ನಿಲ್ಲಿಸಿ. ಈಗ ಯಾವ ಊರಿನಲ್ಲೂ ಎದುರು ತಂಡಕ್ಕೆ ಊಟ ಹಾಕುವುದಿಲ್ಲ. ಒಂದು ಬಾಳೆಹಣ್ಣು, ಒಂದು ಲೋಟ ಟೀ ಸಾಕು.

ರುದ್ರಸ್ವಾಮಿ

*

ದೊಡ್ಡಗಾಜನೂರು
25-11-1979

ರುದ್ರಸ್ವಾಮಿಗೆ,

ಟೀ ಅಂತೆ. ಬಾಳೆಹಣ್ಣಂತೆ. ಕಾಯಿಲೆಯವನನ್ನು ನೋಡಲು ಹೋಗುವಾಗ ತೆಗೆದುಕೊಂಡು ಹೋಗುವುದನ್ನು ಆಟಗಾರನ ಕೈಗೆ ಇಡಬೇಕಂತೆ.

ಕಾಳಯ್ಯನನ್ನು ಕಟ್ಟೆಯ ಮೇಲೆ ನಿಲ್ಲಿಸಿ ಕೇಳಿದೆ, "ನನ್ನ ಜಗುಲಿ ವಿಷ್ಯ ಕೊಯಮತ್ತೂರ್ಗ ಯಾಕ್ಲಾ ಒತ್ಕೊಂಡೋದ?" ಅಂತ. "ನಿಮ್ ಭಾಮೈದ ಊರ ವಿಷ್ಯ ಕೇಳ್ತು, ಯೋಳ್ದಿ. ಸುಳ್ಳ ಯೋಳಕ್ಕ ನಾ ಏನ್ ನೀವಾ?" ಅಂದ. ಅವನನ್ನು ಬಯ್ಯುವುದು ಬೇರೆ ಇದೆ. ನಿನ್ನ ಬಗ್ಗೆ ಅವನು ಹೇಳಿದ್ದು ಕೇಳು. "ದೊಡ್ಡಾಪೀಸರಂಗ ಒಂದೊಂದೇ ಎಜ್ಜ ಇಡ್ತಾನ ಕಣಣ್ಣ. ಈ ಕಡ್ಯಿಂದ ನಾ ಕೂಗ್ತಾವ್ನಿ, ಬಸ್ಸ್ ಒಲ್ಟೋಯ್ತದ, ಆದ್ರೂ ಬಿರ್ರನ ಬರ್ನಿಲ್ಲ" ಅಂದ. ಗಾಜನೂರಿನ ಬಯಲಿನಲ್ಲಿ ಗಾಳಿಗಿಂತ ಮುಂದೆ ಓಡುತ್ತಿದ್ದ ಕಾಲು ಅದು. ಊರಿನವನನ್ನು ಕಂಡು ನಾಲ್ಕು ಹೆಜ್ಜೆ ಜೋರಾಗಿ ಹಾಕಿದರೆ ನಿನ್ನ ಪ್ಯಾಂಟಿನ ಮಡಿಕೆ ಕೆಡುತ್ತಿತ್ತೇ? ಕುಳಿತು ಮಾಡುವ ಕೆಲಸ ಸಿಕ್ಕಿತು ಅಂತ ನಡಿಗೆಯೂ ಬದಲಾಯಿತೇ?

ಹೌದು, ಎಲ್ಲ ಎಲೆಯೂ ನನ್ನ ಜಗುಲಿಯ ಮೇಲೆಯೇ. ಬೇರೆಯವರು ಬಿಟ್ಟರು ಅಂತ ನಾನೂ ಬಿಡಬೇಕೇ? ನಿಮ್ಮಕ್ಕನ ಕೈ ಸುಟ್ಟದ್ದು ನಿಜ, ವಾಸಿಯಾಯಿತು. ಅವಳನ್ನೇ ಕೇಳಿದೆ, ನಿಲ್ಲಿಸೋಣವೇ ಅಂತ. ಹೋದ ಮಾಘದಲ್ಲಿ ಏನಾಯಿತು ಅಂತ ಬರಿ, ಅದೇ ನನ್ನ ಉತ್ತರ ಅಂದಳು. ಬರೆಯುತ್ತೇನೆ.

ಹೋದ ಮಾಘದಲ್ಲಿ ಜೀರಹಳ್ಳಿ ತಂಡ ಬಂತು. ಎಲೆ ಹಾಕಿತ್ತು. ಅವರ ಕ್ಯಾಪ್ಟನ್ ಜಗುಲಿ ಹತ್ತಲಿಲ್ಲ. ಅಂಗಳದಲ್ಲೇ ನಿಂತು, "ಊಟ ಆಮ್ಯಾಲ ಆಗ್ಲಿ ಬುಡಣ್ಣ. ನಿಮ್ಮ ಸೋಲಿಸಕ್ಕ ಒಟ್ಟ ತುಂಬಿರ್ಬೇಕಾ?" ಅಂದ. ಅವನ ಹಿಂದಿದ್ದವರು ಕಿಸಕ್ಕನೆ ನಕ್ಕರು. ನನ್ನ ಕೈ ದೊಣ್ಣೆ ಹುಡುಕುತ್ತಿತ್ತು. ಅಷ್ಟರಲ್ಲಿ ನಿಮ್ಮಕ್ಕ ಸೌಟು ಹಿಡಿದುಕೊಂಡೇ ಹೊರಗೆ ಬಂದಳು. "ಎಲ ಆಕಿವ್ನಿ. ಉಂಡ್ರ ಆಟ. ಉಣ್ನಿಲ್ಲ ಅಂದ್ರ ಬಂದ ದಾರಿ ಅಲ್ಲೇ ಅದ, ನಡೀರಿ. ಗೆಲ್ಲದೂ ಸೋಲದೂ ಬಯಲಲ್ಲಿ. ನನ್ನ ಜಗುಲಿ ಮ್ಯಾಲ ಎಲ್ರೂ ಒಂದೇಯ" ಅಂದಳು. ಅವಳ ಮುಂದೆ ಯಾವ ಗಂಡಸು ನಿಲ್ಲುತ್ತಾನೆ? ಹನ್ನೊಂದು ಜನವೂ ಕಾಲು ತೊಳೆದುಕೊಂಡು ಬಂದು ಕೂತರು. ಆ ಕ್ಯಾಪ್ಟನ್ನಿಗೆ ಅವಳೇ ನಿಂತು ಬಡಿಸಿದಳು. ಎದ್ದು ಹೋಗುವಾಗ ಅವನು ತಲೆ ಎತ್ತಲಿಲ್ಲ.

ಆಮೇಲೆ ಆರು ಗೋಲು ಹೊಡೆದರು. ಅದು ಬೇರೆ ವಿಷಯ.

ಇನ್ನು ಊಟ ನಿಲ್ಲಿಸು ಅಂತ ಬರೆದರೆ ನಿನ್ನ ಕಾಗದ ಒಲೆಗೆ ಹೋಗುತ್ತದೆ. ಆ ಒಲೆಯ ಮೇಲೂ ಒಬ್ಬಟ್ಟೇ ಬೇಯುತ್ತಿರುತ್ತದೆ.

ಶಿವಮಲ್ಲಪ್ಪ

*

ಕೊಯಮತ್ತೂರು
5-1-1982

ಪೂಜ್ಯ ಭಾವನವರಿಗೆ ಶರಣು.

ನಾನು ಬರೆದ ಎರಡು ಕಾಗದಕ್ಕೂ ಉತ್ತರ ಬರಲಿಲ್ಲ. ಒಲೆಗೆ ಹೋಗಿರಬೇಕು. ಇದನ್ನು ದಯವಿಟ್ಟು ಓದಿ.

ಈ ಸಲವೂ ನೀವು ಕರೆಯುತ್ತೀರಿ, ಈ ಸಲವೂ ನನಗೆ ಬರಲಾಗುವುದಿಲ್ಲ. ಅದಕ್ಕೇ ಒಂದು ಏರ್ಪಾಡು ಮಾಡಿದ್ದೇನೆ. ಮಿಲ್ ತಂಡದ ಇಬ್ಬರು ಒಳ್ಳೆಯ ಆಟಗಾರರನ್ನು ಒಪ್ಪಿಸಿದ್ದೇನೆ. ಜನವರಿ ಮೂವತ್ತೊಂದರ ಹಾಸನೂರು ಪಂದ್ಯಕ್ಕೆ ನಮ್ಮ ಕಡೆಯಿಂದ ಆಡುತ್ತಾರೆ. ಬೆಳಗಿನ ಬಸ್ಸಿಗೆ ಬರುತ್ತಾರೆ. ಒಬ್ಬನ ಹೆಸರು ಪಳನಿಸಾಮಿ. ಇಬ್ಬರಿಗೂ ಕನ್ನಡ ಬರುವುದಿಲ್ಲ. ನಿಮಗೆ ತಮಿಳು ಬರುತ್ತದಲ್ಲ. ಅವರನ್ನು ಚೆನ್ನಾಗಿ ನೋಡಿಕೊಳ್ಳಿ.

ಈ ಪಂದ್ಯವನ್ನಾದರೂ ನಾವು ಗೆಲ್ಲುತ್ತೇವೆ.

ರುದ್ರಸ್ವಾಮಿ

*

ದೊಡ್ಡಗಾಜನೂರು
3-2-1982

ರುದ್ರಸ್ವಾಮಿಗೆ,

ಗೆಲ್ಲಲಿಲ್ಲ. ನಾಲ್ಕು–ಒಂದು. ತಪ್ಪು ನಿನ್ನದು.

ದಿಂಬಂ ಘಾಟಿಯ ತಿರುವಿನಲ್ಲಿ ಬಸ್ಸು ಕೆಟ್ಟು ನಿಂತು, ನಿನ್ನ ಇಬ್ಬರು ಬಂದಾಗ ಹೊತ್ತು ನೆತ್ತಿಗೆ ಬಂದಿತ್ತು. ಹಾಸನೂರಿನವರಿಗೆ ಆಗಲೇ ಎಲೆ ಹಾಕಿತ್ತು. ನೀನು ಬರೆದದ್ದನ್ನು ನಾನು ಓದಿದ್ದೆ, ನಮ್ಮ ಕಡೆ ಆಡುತ್ತಾರೆ ಅಂತ ಗೊತ್ತಿತ್ತು. ಆದರೆ ಬಸ್ಸಿನಿಂದ ಇಳಿದು, ಕೈಯಲ್ಲಿ ಚೀಲ ಹಿಡಿದು, ಧೂಳು ಮೈಯಲ್ಲಿ ಅಂಗಳದಲ್ಲಿ ನಿಂತವನಿಗೆ "ನೀನು ನಮ್ಮವನು, ಹಸಿದುಕೊಂಡಿರು" ಅಂತ ಯಾವ ನಾಲಿಗೆಯಲ್ಲಿ ಹೇಳಲಿ? ನಿಮ್ಮಕ್ಕನಿಗಂತೂ ಅದು ತಲೆಗೇ ಹೋಗಲಿಲ್ಲ. "ಅಷ್ಟ್ ದೂರದಿಂದ ಬಂದವ್ರ ಒಣ ಬಾಯಲ್ಲಿ ಕೂರ್ಸಕ್ಕಾಯ್ತದಾ?" ಅಂದು ಇನ್ನೆರಡು ಎಲೆ ಹಾಕಿದಳು. ಬೇಡ ಅನ್ನಲಿಲ್ಲ ನಾನೂ.

ಉಂಡರು. ಮುದ್ದೆ, ಅವರೆಕಾಳು ಸಾರು, ಅನ್ನ, ಮೊಸರು, ಒಬ್ಬಟ್ಟು. ಆ ಪಳನಿಸಾಮಿ "ಪೋದುಂ ಅಮ್ಮಾ, ಪೋದುಂ" ಅನ್ನುತ್ತಾನೆ. ಸಾಕು ಅಂದವನ ಎಲೆಗೆ ಇನ್ನೊಂದು ಹಾಕದಿದ್ದರೆ ನಮ್ಮ ಮನೆಯಲ್ಲಿ ಅದು ಊಟವೇ ಅಲ್ಲ. ಇವಳು ಹಾಕಿದಳು. ಅವನು ಪಾಪ, ದೊಡ್ಡವರು ಹಾಕಿದ್ದನ್ನು ಬಿಡಬಾರದು ಅಂತ ತಿಂದ. ಇವಳು ಅವನಿಗೆ ಬಹಳ ಹಸಿವು ಅಂತ ಮತ್ತೆ ಹಾಕಿದಳು. ತುಪ್ಪ ಬೇರೆ.

ವಿಸಲ್ ಊದಿದಾಗ ಒಬ್ಬ ಬೇಲಿ ಹಿಡಿದುಕೊಂಡು ನಿಂತಿದ್ದ. ಪಳನಿಸಾಮಿ ಹುಣಸೆಮರದ ಕೆಳಗೆ ಮಲಗಿದ್ದವನು ಎದ್ದು ಬಂದ. ಹಾಸನೂರಿನವರಿಗೆ ವರ್ಷಾ ವರ್ಷಾ ಉಂಡು ಅಭ್ಯಾಸವಾಗಿದೆ, ಎಷ್ಟು ಉಣ್ಣಬೇಕು ಅಂತ ಅವರಿಗೆ ಗೊತ್ತು. ನಿನ್ನವರಿಗೆ ಏನು ಗೊತ್ತು? ಅರ್ಧ ಆಟದ ತನಕ ಇಬ್ಬರೂ ಬಸುರಿ ಹೆಂಗಸರ ಹಾಗೆ ನಡೆದರು. ಆಮೇಲೆ ಸ್ವಲ್ಪ ಕರಗಿ, ಪಳನಿಸಾಮಿ ಒಂದು ಗೋಲು ಹೊಡೆದ. ಎಂಥ ಗೋಲು ಅಂತೀಯ! ನಿನ್ನ ಹಾಗೆಯೇ ಎಡಗಾಲಲ್ಲಿ. ಕಾಳಯ್ಯ ಅತ್ತ.

ಚೆನ್ನಾಗಿ ನೋಡಿಕೊಳ್ಳಿ ಅಂತ ಬರೆದೆ, ನೋಡಿಕೊಂಡೆವು. ಉಣ್ಣಿಸಬೇಡಿ ಅಂತ ಬರೆಯಬೇಕಿತ್ತು. ಇಲ್ಲ, ನೀನೇ ಬರಬೇಕಿತ್ತು. ನೀನು ಮನೆಯ ಮಗ, ನಿನಗೆ ಯಾರೂ ಎಲೆ ಹಾಕುತ್ತಿರಲಿಲ್ಲ. ಹಸಿದುಕೊಂಡು ಆಡುತ್ತಿದ್ದೆ, ಗೆಲ್ಲುತ್ತಿದ್ದೆವು. ಬಾಡಿಗೆ ಕಾಲು ಕಳಿಸುತ್ತೀಯಲ್ಲ, ನಿನ್ನ ಕಾಲಿಗೆ ಏನು ದಾಡಿ ಬಂದಿದೆ?

ಹುಡುಗರು ಒಳ್ಳೆಯವರು. ಹೋಗುವಾಗ ನಿಮ್ಮಕ್ಕನ ಕಾಲಿಗೆ ಬಿದ್ದು ಹೋದರು.

ಶಿವಮಲ್ಲಪ್ಪ

*

ಕೊಯಮತ್ತೂರು
20-1-1984

ಭಾವನವರಿಗೆ,

ಎರಡು ವರ್ಷ ನಾನು ಬರೆಯಲಿಲ್ಲ. ನನ್ನ ಕಾಲಿಗೆ ಏನು ದಾಡಿ ಬಂದಿದೆ ಎಂದು ಕೇಳಿದಿರಿ. ಆ ಸಾಲನ್ನು ಓದಿದ ಮೇಲೆ ಪೆನ್ನು ಹಿಡಿಯಲು ಮನಸ್ಸು ಬರಲಿಲ್ಲ. ಇವತ್ತು ಹೇಳುತ್ತೇನೆ. ನಾನೂ ನಿಮ್ಮ ಹಾಗೆ ಸಿಟ್ಟಿನಲ್ಲೇ ಬರೆಯುತ್ತಿದ್ದೇನೆ.

1979ರ ಬೇಸಿಗೆಯಲ್ಲಿ ತಿರುಪ್ಪೂರಿನ ಪಂದ್ಯದಲ್ಲಿ ನನ್ನ ಎಡಗಾಲಿನ ಮಂಡಿ ಹೋಯಿತು. ಒಳಗೆ ಏನೋ ಹರಿದ ಶಬ್ದ ನನಗೇ ಕೇಳಿಸಿತು. ಆಸ್ಪತ್ರೆಯಲ್ಲಿದ್ದೆ. ಎದ್ದು ಬಂದಾಗ ತಂಡದಲ್ಲಿ ಬೇರೆಯವನಿದ್ದ, ನನ್ನನ್ನು ಪ್ಯಾಕಿಂಗಿಗೆ ಹಾಕಿದರು. ಕುಳಿತು ಮಾಡುವ ಕೆಲಸ ಬಡ್ತಿಯಲ್ಲ ಭಾವ, ಕುಂಟನಿಗೆ ಕೊಟ್ಟ ಸ್ಟೂಲು. ಕಾಳಯ್ಯ ನೋಡಿದ ಆಫೀಸರ್ ನಡಿಗೆ ಅದೇ. ಅವನಿಗೆ ಗೊತ್ತಾಗಬಾರದು ಎಂದು ಹಲ್ಲು ಕಚ್ಚಿ ನೆಟ್ಟಗೆ ನಡೆದೆ.

ಯಾಕೆ ಹೇಳಲಿಲ್ಲ? ನನ್ನನ್ನು ಇನ್ನೂ ಆಟಗಾರ ಎಂದುಕೊಂಡಿದ್ದವರು ಈ ಲೋಕದಲ್ಲಿ ನೀವೊಬ್ಬರೇ. ಬಂದು ಆಡು, ಬಂದು ಆಡು ಎಂದು ಬಯ್ದು ಬರೆಯುತ್ತಿದ್ದಿರಿ. ಆ ಬೈಗುಳದಲ್ಲಿ ಮಾತ್ರ ನನ್ನ ಮಂಡಿ ಸರಿಯಾಗಿತ್ತು. ಅದನ್ನು ಕಳೆದುಕೊಳ್ಳಲು ನನಗೆ ಇಷ್ಟವಿರಲಿಲ್ಲ.

ಈಗ ಎರಡನೇ ವಿಷಯ. ತಾಳವಾಡಿ ಟೌನ್ ತಂಡದ ಸೆಕ್ರೆಟರಿ ನಂಜಪ್ಪ ಹೋದ ವಾರ ಇಲ್ಲಿಗೆ ಬಂದಿದ್ದರು. ನಮ್ಮ ಸಂಘವನ್ನು ಅವರ ತಂಡದಲ್ಲಿ ಸೇರಿಸಿಬಿಡಿ ಎಂದು ಕೇಳಿದರು. ಆಡುವ ಹುಡುಗರಿಗೆ ಬೂಟು, ಬಟ್ಟೆ, ಬಸ್ಸು ಎಲ್ಲ ಅವರದು. ಗಾಜನೂರಿನ ಹೆಸರು ಇರುವುದಿಲ್ಲ. ಅಧ್ಯಕ್ಷ ನಾನೇ ಆದ್ದರಿಂದ ನನ್ನ ಮಾತು ಸಾಕು. ನಾನು ಒಪ್ಪಿದ್ದೇನೆ.

ಫೆಬ್ರವರಿ ಇಪ್ಪತ್ತಾರಕ್ಕೆ ಟೌನ್ ತಂಡ ನಿಮ್ಮ ಬಯಲಿಗೆ ಆಡಲು ಬರುತ್ತದೆ. ಅವರ ಜೀಪಿನಲ್ಲಿ ನನ್ನನ್ನೂ ಕರೆತರುತ್ತಾರೆ. ಆಟ ಮುಗಿದ ಮೇಲೆ ಎರಡೂ ತಂಡದ ಮುಂದೆ ನಾನು ಅದನ್ನು ಹೇಳಬೇಕು.

ನಿಮಗಾಗಿ, ಅಕ್ಕನಿಗಾಗಿ ಒಪ್ಪಿದೆ. ಒಂಬತ್ತು ವರ್ಷದಿಂದ ಸೋಲುವ ತಂಡದ ಹಿಂದೆ ಕುಳಿತು, ಗೆದ್ದು ಹೋಗುವವರಿಗೆ ಬಡಿಸಿ, ಊರವರ ಕೈಲಿ ನಗಿಸಿಕೊಂಡದ್ದು ಸಾಕು. ಇನ್ನು ಮುಗಿಸಿ ಭಾವ.

ರುದ್ರಸ್ವಾಮಿ

*

ದೊಡ್ಡಗಾಜನೂರು
28-1-1984

ರುದ್ರಸ್ವಾಮಿ,

ನಿನ್ನ ಕಾಗದವನ್ನು ನಿಮ್ಮಕ್ಕನಿಗೆ ಓದಿ ಹೇಳಿದೆ. ಮಂಡಿಯ ವಿಷಯ ಬಂದಾಗ ಎದ್ದು ಒಳಗೆ ಹೋದಳು. ಟೌನ್ ತಂಡದ ವಿಷಯ ಬಂದಾಗ ಹೊರಗೆ ಬಂದಳು. "ಆ ಕುಂಟ ನನ್ ಮಗ ನನ್ ಒಲ ಬೆಂಕಿ ಆರ್ಸಕ್ಕ ಯಾವನು?" ಅಂದಳು. ನಾನು ಹೇಳಿದ್ದಲ್ಲ, ನಿಮ್ಮಕ್ಕ ಹೇಳಿದ್ದು. ಅಳುತ್ತಾ ಹೇಳಿದಳು. ಎರಡನ್ನೂ ಬರಿ ಅಂದಳು, ಬರೆದಿದ್ದೇನೆ.

ಈಗ ನನ್ನ ಸರದಿ.

ಐದು ವರ್ಷ. ಐದು ವರ್ಷ ನಾನು ಕುಂಟನನ್ನು ಓಡು ಓಡು ಅಂತ ಬಯ್ದಿದ್ದೇನೆ, ನೀನು ಸುಮ್ಮನೆ ಕೂತು ಓದಿದ್ದೀಯ. ಎಂಥ ಕತ್ತೆ ನೀನು? ಮಂಡಿ ಹೋಗಿದೆ ಅಂತ ಒಂದು ಸಾಲು ಬರೆದಿದ್ದರೆ ನಾನು ಮುಂದಿನ ಬಸ್ಸಿಗೆ ಬರುತ್ತಿದ್ದೆ. ಆಸ್ಪತ್ರೆಯಲ್ಲೇ ಕೂತು ಬಯ್ಯುತ್ತಿದ್ದೆ. ಬಯ್ಯಿಸಿಕೊಳ್ಳಲು ಅಷ್ಟು ಆಸೆ ಇದ್ದವನು ಮಂಡಿ ಸರಿಯಾಗಿಯೇ ಇರಬೇಕು ಅಂತ ಯಾಕೆ ತಿಳಿದೆ? ನಾನು ಗುರುಸ್ವಾಮಿಯನ್ನು ಬಯ್ಯುತ್ತೇನೆ, ಅವನಿಗೆ ಉಸಿರು ಬರುವುದಿಲ್ಲ. ಚಿಕ್ಕಸಿದ್ದನನ್ನು ಬಯ್ಯುತ್ತೇನೆ, ಗೋಲ್‌ಕೀಪರ್ ಅವನು, ಒಂದು ಕಣ್ಣಿಗೆ ಪೊರೆ ಬಂದಿದೆ. ಸರಿಯಿರುವವರನ್ನು ಮಾತ್ರ ಬಯ್ಯಬೇಕು ಅಂದರೆ ನಮ್ಮ ಸಂಘದಲ್ಲಿ ನಾನು ಬಾಯಿ ಮುಚ್ಚಿಕೊಂಡಿರಬೇಕಾಗುತ್ತದೆ.

ನನಗಾಗಿ ಒಪ್ಪಿದೆಯಂತೆ. ನಾನು ಕೇಳಿದೆನೇ? ಸಾಕಾಯಿತು ಅಂತ ಯಾವ ಕಾಗದದಲ್ಲಿ ಬರೆದಿದ್ದೆ, ತೋರಿಸು. ಸಿಟ್ಟು ಬರುತ್ತದೆ ಅಂತ ಬರೆದಿದ್ದೇನೆ. ಸಿಟ್ಟು ಬೇರೆ, ಸಾಕಾಗುವುದು ಬೇರೆ. ಸಾಕಾದವನಿಗೆ ಸಿಟ್ಟು ಯಾಕೆ ಬರುತ್ತದೆ? ನಮ್ಮ ಜೊತೆ ಕೂಗುತ್ತಿದ್ದವರು ಗಾಡಿಯಿಂದ ಇಳಿದುಹೋದರಲ್ಲ, ಈಗ ಟೌನ್ ತಂಡ ಗೋಲು ಹೊಡೆದರೆ ಕುಣಿಯುತ್ತಾರಲ್ಲ, ಅವರನ್ನು ನೋಡು, ಯಾರ ಮುಖದಲ್ಲೂ ಸಿಟ್ಟಿಲ್ಲ. ನೆಮ್ಮದಿಯಾಗಿದ್ದಾರೆ. ಆ ನೆಮ್ಮದಿ ನನಗೆ ಬೇಡ.

ಗೆಲ್ಲುವ ತಂಡಕ್ಕೆ ನಾವು ಬೇಕಾಗಿಲ್ಲ. ಗೆದ್ದವನ ಹೆಗಲು ತಟ್ಟಲು ಗುರುತಿಲ್ಲದವನೂ ಓಡಿ ಬರುತ್ತಾನೆ. ಆರು ಗೋಲು ಬಿಟ್ಟು ಆ ಚಿಕ್ಕಸಿದ್ದ ತಿರುಗಿ ನೋಡುತ್ತಾನಲ್ಲ, ಆಗ ಗೋಲಿನ ಹಿಂದೆ ಯಾರಾದರೂ ಕೂತಿರಬೇಕು. "ಏಳ್ನೇದ್ನಾರ ಇಡ್ಕೊಳ್ಲಾ" ಅಂತ ಹೇಳುವವನು ಬೇಕು. ಹೋದ ವರ್ಷ ಏಳನೆಯದನ್ನು ಹಿಡಿದ. ಅದನ್ನು ನೋಡಿದವರು ನಾವು ಐದು ಜನ. ನೀನು ಕಳೆದುಕೊಂಡದ್ದು ಅದು, ಮಂಡಿ ಅಲ್ಲ.

ಹುಡುಗರ ಬೂಟಿನ ಮಾತು ಬರೆದಿದ್ದೀಯ. ಬೂಟು ಬೇಕಾದವನು ಹೋಗಲಿ. ನಿನ್ನೆ ಎಲ್ಲರನ್ನೂ ಕೂರಿಸಿ ಹೇಳಿದೆ, ಹೋಗುವವರು ಈಗಲೇ ಎದ್ದು ಹೋಗಿ, ನಾನು ಕೆಟ್ಟ ಮಾತು ಆಡುವುದಿಲ್ಲ ಅಂತ. ನಾಲ್ಕು ಜನ ಎದ್ದರು. ನಾನು ಕೆಟ್ಟ ಮಾತು ಆಡಿದೆ. ಒಬ್ಬ ಮತ್ತೆ ಕೂತ. ಉಳಿದವರು ಎಂಟು ಜನ, ಗುರುಸ್ವಾಮಿಯೂ ಸೇರಿ. ಇನ್ನು ಮೂವರನ್ನು ಹುಡುಕುತ್ತೇನೆ. ಸಿಗದಿದ್ದರೆ ಕಾಳಯ್ಯನಿಗೆ ಚಡ್ಡಿ ಹಾಕಿಸಿ ನಿಲ್ಲಿಸುತ್ತೇನೆ. "ನಾ ನಿಂತ್ರ ಎದುರ್ನವ್ರ ನಗ್ತಾ ನಗ್ತಾ ಬಿದ್ದೋಯ್ತಾರ ಕಣಣ್ಣ, ಅದೂ ಒಂದ್ ಲಾಭವೇ" ಅಂದಿದ್ದಾನೆ. ಕಾಳಯ್ಯನೂ ಸಾಲದಿದ್ದರೆ ನಾನು ನಿಲ್ಲುತ್ತೇನೆ. ನನಗೆ ಅರವತ್ತಾಗಿದೆ, ಎರಡು ಮಂಡಿಯೂ ಇದೆ.

ಇಷ್ಟೆಲ್ಲ ಮಾಡಬಹುದು. ನೀನು ಬಾಯಿ ಬಿಟ್ಟರೆ ಮಾತ್ರ ಏನೂ ಮಾಡಲಾಗುವುದಿಲ್ಲ. ಅಧ್ಯಕ್ಷ ಎರಡು ತಂಡದ ಮುಂದೆ ನಿಂತು ಮುಗಿಯಿತು ಅಂದರೆ ಮುಗಿಯಿತು. ಕಮಿಟಿಯವರು ಕಾಯುತ್ತಿರುವುದೂ ಅದಕ್ಕೇ. ಅದಕ್ಕೆ ಈ ಕಾಗದ.

ಇಪ್ಪತ್ತಾರಕ್ಕೆ ನೀನು ಬರಲೇಬೇಕು. ಹೇಗೆ ಬರುತ್ತೀಯ ಅಂತ ನೀನು ತೀರ್ಮಾನ ಮಾಡು.

ನಂಜಪ್ಪನ ಜೀಪಿನಲ್ಲಿ ಬಂದರೆ ನೀನು ಟೌನ್ ತಂಡದ ಕಡೆಯವನು. ನನ್ನ ಅಂಗಳದಲ್ಲಿ ಕಾಲಿಗೆ ನೀರು ಕೊಡುತ್ತೇನೆ. ನಿಮ್ಮಕ್ಕ ಅವರ ಸಾಲಿನಲ್ಲೇ ನಿನಗೂ ಎಲೆ ಹಾಕುತ್ತಾಳೆ. ಸಾಕು ಅಂದರೂ ಬಡಿಸುತ್ತಾಳೆ. ತಾಂಬೂಲ ಕೊಡುತ್ತೇನೆ. ಬನ್ನಿ, ಕೂತುಕೊಳ್ಳಿ, ಊಟ ಸೇರಿತೇ ಅಂತ ಬಹುವಚನದಲ್ಲಿ ಮಾತನಾಡಿಸುತ್ತೇನೆ. ಆಮೇಲೆ ಬಯಲಿಗೆ ಹೋಗಿ ನೀನು ಹೇಳಬೇಕಾದ್ದನ್ನು ಹೇಳಿ ಹೋಗಬಹುದು. ನಾನು ಅಡ್ಡ ಬರುವುದಿಲ್ಲ. ಒಂದು ಮಾತು ಬಯ್ಯುವುದಿಲ್ಲ. ಅವತ್ತೂ ಬಯ್ಯುವುದಿಲ್ಲ, ಅಲ್ಲಿಂದ ಮುಂದಕ್ಕೂ ಬಯ್ಯುವುದಿಲ್ಲ.

ಬಸ್ಸಿನಲ್ಲಿ ಬಂದರೆ ಊಟ ಇಲ್ಲ, ನೀರೂ ಇಲ್ಲ. ಎಷ್ಟು ಕುಂಟುತ್ತೀಯೋ ಅಷ್ಟೂ ಕುಂಟಿಕೊಂಡು ಎಲ್ಲರೆದುರು ಬಂದು ಗೋಲಿನ ಹಿಂದೆ ನನ್ನ ಪಕ್ಕ ಕೂರಬೇಕು. ಆಟ ಮುಗಿಯುವ ತನಕ ಹಸಿದುಕೊಂಡು ಕೂಗಬೇಕು. ಸೋಲುತ್ತೇವೆ, ಅದನ್ನು ಈಗಲೇ ಹೇಳುತ್ತೇನೆ. ಐದು ವರ್ಷದ ಬೈಗುಳ ಬಾಕಿ ಇದೆ, ಅವತ್ತಿನಿಂದ ಶುರು ಮಾಡುತ್ತೇನೆ.

ಜೀಪೋ ಬಸ್ಸೋ? ಫೆಬ್ರವರಿ ಹದಿನೈದರೊಳಗೆ ಬರೆದು ತಿಳಿಸು.

ಶಿವಮಲ್ಲಪ್ಪ